ಹಳೇ ಕಂಪ್ಯೂಟರ್‌ಗೆ ದೊಡ್ಡ ಹಾರ್ಡ್‌ಡಿಸ್ಕ್ ಹಾಕುವುದು ಹೇಗೆ?

ಹಾರ್ಡ್‌ಡಿಸ್ಕ್ ಬದಲಾಯಿಸೋದು ಅಂದರೆ ನಾಲ್ಕು ಸ್ಕ್ರೂ, ಎರಡು ಕೇಬಲ್. ಡಬ್ಬಾ ಬಿಚ್ಚಿ ಮುಚ್ಚಲು ಹದಿನೈದು ನಿಮಿಷ ಸಾಕು. ತೊಂದರೆ ಬರುವುದು ಅದಕ್ಕೆ ಮುಂಚೆ, ಇಲ್ಲವೇ ಅದಾದ ಮೇಲೆ. 4 ಟಿಬಿ ಡಿಸ್ಕ್ ತಂದು ಜೋಡಿಸಿದರೆ 2 ಟಿಬಿ ಮಾತ್ರ ಕಾಣುತ್ತದೆ. ಕೆಲವೊಮ್ಮೆ ಹೊಸ ಡಿಸ್ಕ್ ತಿರುಗುವುದೇ ಇಲ್ಲ. ಇನ್ನೊಮ್ಮೆ ನಕಲು ಮಾಡಿದ ವಿಂಡೋಸ್ ಬೂಟ್ ಆಗುವುದಿಲ್ಲ, ಅಂದರೆ ಆನ್ ಮಾಡಿದರೆ ಶುರುವಾಗುವುದಿಲ್ಲ. ಅಂಗಡಿಗೆ ಒಯ್ದರೆ "ಬೋರ್ಡ್ ಹಳೇದು ಸಾರ್, ಹೊಸ ಸಿಸ್ಟಮ್ ತಗೊಂಡ್ಬಿಡಿ" ಅನ್ನುತ್ತಾರೆ. ಎಷ್ಟೋ ಸಲ ಬೋರ್ಡ್‌ನಲ್ಲಿ ದೋಷವೇನೂ ಇರುವುದಿಲ್ಲ. ಆ ಬೋರ್ಡ್ ಎಷ್ಟು ದೊಡ್ಡ ಡಿಸ್ಕನ್ನು ಯಾವ ರೀತಿಯಲ್ಲಿ ಲೆಕ್ಕ ಇಡಬಲ್ಲದು ಅಂತ ಮೊದಲೇ ನೋಡಿಕೊಂಡಿರುವುದಿಲ್ಲ, ಅಷ್ಟೇ.

ನಾನು ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು 2008ರಿಂದ 2011ರ ಸುಮಾರಿಗೆ ಕೊಂಡ ಡೆಸ್ಕ್‌ಟಾಪ್ ಬಗ್ಗೆ. ಇಂಟೆಲ್ ಜಿ31 ಅಥವಾ ಜಿ41 ಚಿಪ್‌ಸೆಟ್‌ನ ಬೋರ್ಡ್, ಡ್ಯುಯಲ್ ಕೋರ್ ಇಲ್ಲವೇ ಕೋರ್ 2 ಡ್ಯುಯೋ ಪ್ರೊಸೆಸರ್, 160 ಅಥವಾ 320 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 7. ನಮ್ಮ ಊರುಗಳ ಡಿಟಿಪಿ ಅಂಗಡಿ, ಫೋಟೋ ಸ್ಟುಡಿಯೋ, ಸಣ್ಣ ಲೆಕ್ಕಪತ್ರದ ಆಫೀಸುಗಳಲ್ಲಿ ಇಂಥವು ಇನ್ನೂ ಓಡುತ್ತಿವೆ. ಅದಕ್ಕಿಂತ ಹಳೆಯ ಎಕ್ಸ್‌ಪಿ ಕಾಲದ ಯಂತ್ರಗಳ ಮಾತೂ ನಡುವೆ ಬರುತ್ತದೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ಬೇಕಿರುವುದು ಜಾಗವೋ, ವೇಗವೋ? ಕಂಪ್ಯೂಟರ್ ನಿಧಾನ ಅನ್ನುವುದೇ ದೂರಾದರೆ ದೊಡ್ಡ ಹಾರ್ಡ್‌ಡಿಸ್ಕ್ ಅದಕ್ಕೆ ಮದ್ದಲ್ಲ. 240 ಜಿಬಿಯ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್‌ನ ಡಿಸ್ಕ್, ಹಾಕಿ. ಹಳೇ ಬೋರ್ಡ್‌ನಲ್ಲಿ ಡಿಸ್ಕ್ ಜೋಡಿಸುವ ಕಿಂಡಿ, ಅಂದರೆ ಸಾಟಾ ಪೋರ್ಟ್, ಸೆಕೆಂಡಿಗೆ 300 ಎಂಬಿಗಿಂತ ಜಾಸ್ತಿ ಕೊಡುವುದಿಲ್ಲ ನಿಜ. ಆದರೂ ವ್ಯತ್ಯಾಸ ಮೊದಲ ಬೂಟ್‌ನಲ್ಲೇ ಗೊತ್ತಾಗುತ್ತದೆ. ಜಾಗವೂ ಬೇಕು, ವೇಗವೂ ಬೇಕು ಅಂದರೆ ವಿಂಡೋಸ್‌ಗೆ ಸಣ್ಣ ಎಸ್‌ಎಸ್‌ಡಿ, ಫೈಲ್‌ಗಳಿಗೆ ದೊಡ್ಡ ಹಾರ್ಡ್‌ಡಿಸ್ಕ್. ನನ್ನನ್ನು ಕೇಳಿದರೆ ಹಳೇ ಯಂತ್ರಕ್ಕೆ ಇದೇ ಒಳ್ಳೆಯ ಜೋಡಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ನಿಮ್ಮ ಯಂತ್ರಕ್ಕೆ ಎಷ್ಟು ದೊಡ್ಡದು ಕಾಣುತ್ತದೆ?

ಹಾರ್ಡ್‌ಡಿಸ್ಕ್ ಒಳಗಿನ ಜಾಗವನ್ನು ಸೆಕ್ಟರ್ ಅನ್ನುವ ಸಣ್ಣ ತುಂಡುಗಳಾಗಿ ಎಣಿಸುತ್ತಾರೆ. ಒಂದು ಸೆಕ್ಟರ್‌ಗೆ 512 ಬೈಟ್. ಸಿ, ಡಿ ಅಂತ ಡಿಸ್ಕನ್ನು ಭಾಗ ಮಾಡಿದ ಯಾವ ಪಾರ್ಟಿಷನ್ ಎಲ್ಲಿ ಶುರುವಾಗುತ್ತದೆ, ಎಷ್ಟು ದೊಡ್ಡದು ಅನ್ನುವ ಪಟ್ಟಿ ಡಿಸ್ಕ್‌ನ ತಲೆಭಾಗದಲ್ಲಿರುತ್ತದೆ. ಹಳೆಯ ಪದ್ಧತಿಯ ಪಟ್ಟಿಗೆ ಎಂಬಿಆರ್ ಅಂತ ಹೆಸರು. ಅದರಲ್ಲಿ ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಮಾತ್ರ ಜಾಗ. ಅರ್ಜಿ ಫಾರಂನಲ್ಲಿ ಮನೆ ನಂಬರಿಗೆ ಮೂರೇ ಚೌಕ ಇದ್ದರೆ 1000ನೇ ಮನೆಯವರು ಏನು ಬರೆಯುತ್ತಾರೆ? ಇಲ್ಲೂ ಹಾಗೇ. 32 ಬಿಟ್‌ನಲ್ಲಿ ಸುಮಾರು 429 ಕೋಟಿ ಸೆಕ್ಟರ್ ಎಣಿಸಬಹುದು. 512ರಿಂದ ಗುಣಿಸಿದರೆ 2.2 ಲಕ್ಷ ಕೋಟಿ ಬೈಟ್ ಆಗುತ್ತದೆ. ವಿಂಡೋಸ್ ಇದನ್ನೇ 2 ಟಿಬಿ ಅಂತ ತೋರಿಸುತ್ತದೆ. ಅದರಾಚೆಗಿನ ಜಾಗ ಎಂಬಿಆರ್ ಪಾಲಿಗೆ ಇಲ್ಲವೇ ಇಲ್ಲ.

ಈ ಮಿತಿ ಇಲ್ಲದ ಹೊಸ ಪಟ್ಟಿಯೇ ಜಿಪಿಟಿ. ವಿಂಡೋಸ್ ವಿಸ್ಟಾದಿಂದ ಈಚೆಗಿನ ಎಲ್ಲವೂ, 32 ಬಿಟ್‌ನ ವಿಂಡೋಸ್ 7 ಕೂಡ, ಜಿಪಿಟಿ ಡಿಸ್ಕನ್ನು ಓದಿ ಬರೆಯಬಲ್ಲವು. ಆದರೆ ಜಿಪಿಟಿ ಡಿಸ್ಕ್‌ನಿಂದ ವಿಂಡೋಸ್ ಬೂಟ್ ಆಗಬೇಕಾದರೆ ಮದರ್‌ಬೋರ್ಡ್‌ನಲ್ಲಿ ಯುಇಎಫ್‌ಐ, ಅಂದರೆ ಯಂತ್ರ ಆನ್ ಆದಾಗ ಮೊದಲು ಓಡುವ ಹೊಸ ಬಗೆಯ ತಂತ್ರಾಂಶ, ಇರಬೇಕು. ಜಿ31, ಜಿ41 ಕಾಲದ ಸಾಮಾನ್ಯ ಬೋರ್ಡ್‌ಗಳಲ್ಲಿ ಇರುವುದು ಅದೇ ಕೆಲಸ ಮಾಡುವ ಹಳೇ ಬಯೋಸ್. ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ. ಹಾಗಾಗಿ ಲೆಕ್ಕ ಹೀಗೆ:

ಡಿಸ್ಕ್ 2 ಟಿಬಿ ಅಥವಾ ಅದಕ್ಕಿಂತ ಚಿಕ್ಕದಾದರೆ ಚಿಂತೆಯಿಲ್ಲ. ಎಂಬಿಆರ್ ಇಟ್ಟುಕೊಂಡು ವಿಂಡೋಸ್ ಸಮೇತ ಎಲ್ಲವನ್ನೂ ಅದರಲ್ಲೇ ಇಡಬಹುದು.

3, 4, 6 ಟಿಬಿ ಡಿಸ್ಕ್ ಆದರೆ ಅದು ಫೈಲ್ ಇಡುವ ಎರಡನೇ ಡಿಸ್ಕ್ ಆಗಿರಲಿ, ಜಿಪಿಟಿಯಲ್ಲಿ. ವಿಂಡೋಸ್ ಬೇರೆ ಚಿಕ್ಕ ಡಿಸ್ಕ್‌ನಲ್ಲಿ ಇರಲಿ. ಹಳೇ 160 ಜಿಬಿ ಡಿಸ್ಕ್ ಆರೋಗ್ಯವಾಗಿದ್ದರೆ ಅದರಲ್ಲೇ, ಇಲ್ಲದಿದ್ದರೆ ಎಸ್‌ಎಸ್‌ಡಿಯಲ್ಲಿ. ಲಿನಕ್ಸ್ ಬಳಸುವವರಿಗೆ ಈ ನಿರ್ಬಂಧ ಇಲ್ಲ. 1 ಎಂಬಿಯ ಒಂದು ಪುಟ್ಟ ಬಯೋಸ್ ಬೂಟ್ ಪಾರ್ಟಿಷನ್ ಮಾಡಿಕೊಟ್ಟರೆ ಲಿನಕ್ಸನ್ನು ಶುರು ಮಾಡಿಸುವ ಗ್ರಬ್ ತಂತ್ರಾಂಶ ಹಳೇ ಬಯೋಸ್‌ನಲ್ಲೂ ಜಿಪಿಟಿಯಿಂದ ಬೂಟ್ ಮಾಡುತ್ತದೆ.

ವಿಂಡೋಸ್ ಎಕ್ಸ್‌ಪಿ ಇದ್ದರೆ 2 ಟಿಬಿ ದಾಟಬೇಡಿ. 32 ಬಿಟ್‌ನ ಎಕ್ಸ್‌ಪಿಗೆ ಜಿಪಿಟಿ ಓದಲು ಬರುವುದೇ ಇಲ್ಲ.

ಎಕ್ಸ್‌ಪಿಗಿಂತ ಹಿಂದಿನ ಗೋಡೆ ಇನ್ನೊಂದಿದೆ. 2002ರ ಆಸುಪಾಸಿಗೆ ಮುಂಚಿನ ಐಡಿಇ (ಸಾಟಾಗೆ ಮುಂಚೆ ಇದ್ದ ಡಿಸ್ಕ್ ಜೋಡಣೆ) ಕಂಟ್ರೋಲರ್‌ಗಳು ಸೆಕ್ಟರ್ ಎಣಿಸುತ್ತಿದ್ದುದು 28 ಬಿಟ್‌ನಲ್ಲಿ. ಅಂದರೆ ಮಿತಿ 137 ಜಿಬಿ. ಎಕ್ಸ್‌ಪಿಗೆ ಇದನ್ನು ದಾಟಲು ಕನಿಷ್ಠ ಸರ್ವಿಸ್ ಪ್ಯಾಕ್ 1 ಬೇಕು. ಇಲ್ಲಿ ಎಚ್ಚರ ಜಾಸ್ತಿ ಬೇಕು. ಮಿತಿ ದಾಟಿದ ಬರಹ ಸುಮ್ನೆ ನಿಂತುಹೋಗುವುದಿಲ್ಲ. ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿ ಡಿಸ್ಕ್‌ನ ತಲೆಭಾಗದ ಮೇಲೆಯೇ ಬರೆದುಬಿಡಬಹುದು. ಹಳೇ ಫೈಲ್ ಹೋದದ್ದು ತಿಂಗಳು ಕಳೆದ ಮೇಲೆ ಗೊತ್ತಾಗುತ್ತದೆ. ಅಂಥ ಯಂತ್ರಕ್ಕೆ 120 ಜಿಬಿ ಮೀರಿದ ಡಿಸ್ಕ್ ಹಾಕಲೇಬೇಡಿ. ಹೊಸ ಐಡಿಇ ಡಿಸ್ಕ್‌ಗಳು ತಯಾರಾಗುವುದು ನಿಂತು ಬಹಳ ಕಾಲವಾಯಿತು. ಈಗ ಸಿಗುವುದು ಎಲ್ಲ ಬಳಸಿದ್ದೇ.

ಇನ್ನೊಂದು ಮಾತು. ಡಬ್ಬದ ಮೇಲಿನ ಸಂಖ್ಯೆಗೂ ವಿಂಡೋಸ್ ತೋರಿಸುವ ಸಂಖ್ಯೆಗೂ ಹೊಂದಾಣಿಕೆ ಆಗುವುದಿಲ್ಲ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ವಿಂಡೋಸ್ 1024ರ ಲೆಕ್ಕ. 1 ಟಿಬಿ ಡಿಸ್ಕ್ 931 ಜಿಬಿ ಅಂತ ಕಾಣುತ್ತದೆ. 2 ಟಿಬಿ 1863 ಜಿಬಿ, 4 ಟಿಬಿ 3725 ಜಿಬಿ. ಇದಕ್ಕೆ ಅಂಗಡಿಯವರ ಹತ್ತಿರ ಜಗಳ ಆಡಬೇಡಿ.

ಕೊಳ್ಳುವಾಗ

ಡೆಸ್ಕ್‌ಟಾಪ್‌ಗೆ 3.5 ಇಂಚಿನ ಸಾಟಾ ಡಿಸ್ಕ್. ಈಗ ಬರುವ ಡಿಸ್ಕ್ ಮೇಲೆ ಸೆಕೆಂಡಿಗೆ 6 ಗಿಗಾಬಿಟ್ ಅಂತ ಬರೆದಿರುತ್ತದೆ, ನಿಮ್ಮ ಬೋರ್ಡ್ 3ರದ್ದು. ತೊಂದರೆಯಿಲ್ಲ, ಎರಡೂ ಮಾತಾಡಿಕೊಂಡು ಕಡಿಮೆ ವೇಗಕ್ಕೆ ಒಪ್ಪಿಕೊಳ್ಳುತ್ತವೆ. ತಿರುಗುವ ಡಿಸ್ಕ್‌ಗೆ ಆ ವೇಗವೇ ಸಾಕಾಗಿ ಉಳಿಯುತ್ತದೆ. ಒಂದು ಅಪವಾದ ಇದೆ. 2003ರಿಂದ 2006ರ ವಿಯಾ ವಿಟಿ8237 ಚಿಪ್ ಇರುವ ಬೋರ್ಡ್‌ಗಳಿಗೆ ಈ ಮಾತುಕತೆ ಬರುವುದಿಲ್ಲ. ಡಿಸ್ಕ್ ಕಾಣುವುದೇ ಇಲ್ಲ. ಆ ಕಾಲದ ಡಿಸ್ಕ್‌ಗಳ ಹಿಂಭಾಗದಲ್ಲಿ ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸುವ ಒಂದು ಜಂಪರ್, ಅಂದರೆ ಪಿನ್‌ಗಳಿಗೆ ಸಿಕ್ಕಿಸುವ ಪುಟ್ಟ ಮುಚ್ಚಳ, ಇರುತ್ತಿತ್ತು. ಹೊಸ ಡಿಸ್ಕ್‌ಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಅಂಥ ಬೋರ್ಡ್ ನಿಮ್ಮದಾದರೆ ಪಿಸಿಐ ಸಾಟಾ ಕಾರ್ಡ್ ಒಂದನ್ನು ಹಾಕುವುದೇ ದಾರಿ.

ಡಿಸ್ಕ್‌ನ ವಿವರದಲ್ಲಿ ಎರಡು ಮಾತು ಹುಡುಕಿ. ಮೊದಲನೆಯದು 512ಇ. ಇದು ಒಳಗೆ 4096 ಬೈಟ್‌ನ ಸೆಕ್ಟರ್ ಇಟ್ಟುಕೊಂಡು ಹೊರಗೆ 512 ಅಂತ ತೋರಿಸುವ ಬಗೆ. ನಮಗೆ ಬೇಕಿರುವುದು ಇದೇ. 4ಕೆಎನ್ (ಹೊರಗೂ 4096 ಅಂತಲೇ ತೋರಿಸುವ ಬಗೆ) ಅಂತಿದ್ದರೆ ಬೇಡ, ವಿಂಡೋಸ್ 7ಕ್ಕೆ ಅದು ಒಗ್ಗುವುದಿಲ್ಲ. ಎರಡನೆಯದು ಸಿಎಂಆರ್ ಅಥವಾ ಎಸ್‌ಎಂಆರ್, ಡಿಸ್ಕ್ ಮೇಲೆ ಬರೆಯುವ ಎರಡು ಬಗೆ. ಸಿಎಂಆರ್‌ನಲ್ಲಿ ಬರಹದ ಸಾಲುಗಳು ಬಿಡಿಬಿಡಿ. ಎಸ್‌ಎಂಆರ್‌ನಲ್ಲಿ ಬರಹದ ಸಾಲುಗಳು ಹೆಂಚಿನಂತೆ ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ಹಳೇ ಸಾಲು ತಿದ್ದಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಫೋಟೋ ತುಂಬಿಟ್ಟು ಆಗೊಮ್ಮೆ ಈಗೊಮ್ಮೆ ನೋಡುವುದಕ್ಕೆ ಪರವಾಗಿಲ್ಲ. ದಿನವಿಡೀ ದೊಡ್ಡ ಫೈಲ್ ಸೇವ್ ಮಾಡುವ ಸ್ಟುಡಿಯೋಗೆ ಸಿಎಂಆರ್ ತಗೊಳ್ಳಿ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ ಅಂತ ಹೊರಬಿದ್ದು ಗಲಾಟೆಯಾದ ಮೇಲೆ, ಕಂಪನಿಗಳು ಯಾವ ಮಾಡೆಲ್ ಯಾವ ಬಗೆ ಅನ್ನುವ ಪಟ್ಟಿ ಹಾಕಿವೆ. ಕೊಳ್ಳುವ ಮುಂಚೆ ಮಾಡೆಲ್ ನಂಬರ್ ಹಾಕಿ ನೋಡಿದರಾಯಿತು.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ಅರ್ಧ ಬೆಲೆಗೆ 4 ಟಿಬಿ ಸಿಕ್ಕರೆ ಅದು ಯಾವುದೋ ಸರ್ವರ್‌ನಲ್ಲೋ ಸಿಸಿಟಿವಿ ಡಬ್ಬಿಯಲ್ಲೋ ವರ್ಷಗಟ್ಟಲೆ ತಿರುಗಿದ್ದು ಅಂದುಕೊಳ್ಳಿ. ತಪ್ಪೇನಿಲ್ಲ, ಆ ಬೆಲೆಗೆ ಅದು ಅಂತ ಗೊತ್ತಿದ್ದು ತಗೊಂಡರೆ. ಮನೆಗೆ ತಂದ ಕೂಡಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ ಪವರ್ ಆನ್ ಅವರ್ಸ್ ನೋಡಿ. ಹೊಸ ಡಿಸ್ಕ್ ಆದರೆ ಸೊನ್ನೆ ಅಥವಾ ಒಂದೆರಡು ಗಂಟೆ ಇರಬೇಕು. ಆ ಸಂಖ್ಯೆಯನ್ನೂ ಅಳಿಸಿಬಿಡುವವರು ಇದ್ದಾರೆ. 2025ರ ಆರಂಭದಲ್ಲಿ ಯುರೋಪಿನಲ್ಲಿ ಹೀಗೆ ಗಂಟೆ ಅಳಿಸಿದ, ಬಳಸಿದ ಸೀಗೇಟ್ ಡಿಸ್ಕ್‌ಗಳನ್ನು ಮಾರಾಟಗಾರರು ಹೊಸದೆಂದು ಮಾರಿದ್ದು ಬೆಳಕಿಗೆ ಬಂತು. ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡುವುದು ಇನ್ನೂ ಒಳ್ಳೆಯದು.

ಡಿಸ್ಕ್ ಜೊತೆ ಕೇಬಲ್ ಬರುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಒಂದು ಸಾಟಾ ಡೇಟಾ ಕೇಬಲ್, ನಾಲ್ಕು ದಪ್ಪ ಸ್ಕ್ರೂ, ಎಸ್‌ಎಂಪಿಎಸ್‌ನಲ್ಲಿ (ಯಂತ್ರಕ್ಕೆ ವಿದ್ಯುತ್ ಕೊಡುವ ಡಬ್ಬಿ) ಸಾಟಾ ಪವರ್ ತಲೆ ಉಳಿದಿಲ್ಲದಿದ್ದರೆ ಒಂದು ಮೊಲೆಕ್ಸ್ ಕನ್ವರ್ಟರ್, ಅಂದರೆ ಹಳೇ ನಾಲ್ಕು ಪಿನ್ನಿನ ತಲೆಯನ್ನು ಸಾಟಾಗೆ ಬದಲಿಸುವ ತುಂಡು. ಕನ್ವರ್ಟರ್‌ನಲ್ಲಿ ತಂತಿಗಳನ್ನು ಒಂದೇ ಪ್ಲಾಸ್ಟಿಕ್ ಮುದ್ದೆಯಲ್ಲಿ ಅಚ್ಚು ಹಾಕಿದ್ದು ಬೇಡ. ಒಳಗೆ ತಂತಿ ತಾಗಿಕೊಂಡು ಸುಟ್ಟುಹೋಗುವುದು ಆ ಬಗೆಯದ್ದೇ. ತಂತಿಗಳು ಬಿಡಿಬಿಡಿಯಾಗಿ ಕಾಣುವ, ಹಿಂದೆ ಮುಚ್ಚಳ ಇರುವ ಬಗೆ ಕೇಳಿ ತಗೊಳ್ಳಿ. ಬಯೋಸ್ ಬ್ಯಾಟರಿ, ಅಂದರೆ ಸಿಆರ್2032 ಬಟನ್ ಸೆಲ್ ಒಂದನ್ನೂ ತಂದುಬಿಡಿ. ಹತ್ತು ವರ್ಷದ ಯಂತ್ರದಲ್ಲಿ ಅದು ಸತ್ತಿರುತ್ತದೆ. ಹೇಗೂ ಡಬ್ಬಾ ತೆರೆಯುತ್ತೀರಿ, ಅಲ್ವಾ?

ಸ್ಕ್ರೂ ಬಿಚ್ಚುವ ಮುಂಚೆ

ಹಳೇ ಡಿಸ್ಕ್‌ನ ಆರೋಗ್ಯ ನೋಡಿ. ಅದೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಮೂರು ಸಾಲು ಮುಖ್ಯ: ರೀಅಲೊಕೇಟೆಡ್ ಸೆಕ್ಟರ್ಸ್ (ಕೆಟ್ಟು ಬದಲಾದವು), ಕರೆಂಟ್ ಪೆಂಡಿಂಗ್ (ಓದಲಾಗದೆ ಬಾಕಿ ನಿಂತವು), ಅನ್‌ಕರೆಕ್ಟಬಲ್ (ಸರಿಪಡಿಸಲಾಗದವು). ಮೂರೂ ಸೊನ್ನೆ ಇದ್ದರೆ ನಿಶ್ಚಿಂತೆ. ಪೆಂಡಿಂಗ್ ಸೆಕ್ಟರ್ ಇದ್ದರೆ ಇಡೀ ಡಿಸ್ಕನ್ನು ನಕಲು ಮಾಡಲು ಹೋಗಬೇಡಿ. ಮೊದಲು ಬೇಕಾದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕ್‌ಗೋ ತೆಗೆದುಕೊಳ್ಳಿ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓದಿಸಿದರೆ ನಡುವೆಯೇ ನಿಂತುಬಿಡಬಹುದು.

ಡಿಸ್ಕ್ ಚೆನ್ನಾಗಿದ್ದರೂ ಮುಖ್ಯ ಫೈಲ್‌ಗಳ ಒಂದು ನಕಲು ಬೇರೆ ಕಡೆ ಇರಲೇಬೇಕು. ಟ್ಯಾಲಿ ಇದ್ದರೆ ಅದರ ಡೇಟಾ ಫೋಲ್ಡರ್. ಫೋಟೋ, ಮದುವೆ ಆಲ್ಬಂ ಫೈಲ್‌ಗಳು. ಡೆಸ್ಕ್‌ಟಾಪ್ ಮತ್ತು ಮೈ ಡಾಕ್ಯುಮೆಂಟ್ಸ್ ಸಿ ಡ್ರೈವ್‌ನಲ್ಲೇ ಇರುತ್ತವೆ ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ.

ಕನ್ನಡದಲ್ಲಿ ಡಿಟಿಪಿ ಮಾಡುವವರು ಇನ್ನೊಂದು ಫೋಲ್ಡರ್ ತೆಗೆದಿಡಬೇಕು: ವಿಂಡೋಸ್ ಒಳಗಿನ ಫಾಂಟ್ಸ್. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚಿಸಿದ ಹಳೇ ಫೈಲ್ ತೆರೆಯಬೇಕಾದರೆ ಅದೇ ಫಾಂಟ್ ಇರಬೇಕು. ಇಲ್ಲದಿದ್ದರೆ ಲಗ್ನಪತ್ರಿಕೆಯೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ವಿಂಡೋಸ್ ಹೊಸದಾಗಿ ಹಾಕುವ ಯೋಚನೆ ಇದ್ದರಂತೂ ಫಾಂಟ್‌ಗಳ ಜೊತೆ ಆ ತಂತ್ರಾಂಶಗಳ ಇನ್‌ಸ್ಟಾಲ್ ಸಿಡಿ, ಶ್ರೀಲಿಪಿ ಓಡಲು ಸಿಕ್ಕಿಸುವ ಕೀಲಿಯಾದ ಡಾಂಗಲ್, ಪೇಜ್‌ಮೇಕರ್‌ನ ಸೀರಿಯಲ್ ನಂಬರ್ ಎಲ್ಲ ಕೈಗೆ ಸಿಗುವ ಹಾಗಿರಲಿ. ಇವೆಲ್ಲ ಸಿಗುವುದು ಕಷ್ಟ ಅನಿಸಿದರೆ ಹೊಸದಾಗಿ ಹಾಕಬೇಡಿ, ಇದ್ದದ್ದನ್ನು ಹಾಗೇ ನಕಲು ಮಾಡಿ. ಹಳೇ ಯಂತ್ರದ ಬೆಲೆ ಇರುವುದೇ ಅದರೊಳಗೆ ಕೂತಿರುವ ಈ ಏರ್ಪಾಟಿನಲ್ಲಿ.

ಡಿಸ್ಕ್ ಕೂರಿಸುವುದು

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕೀಳಿ, ಆಮೇಲೆ ಪವರ್ ಬಟನ್ ಒಂದೆರಡು ಸಲ ಒತ್ತಿ. ಒಳಗೆ ಉಳಿದ ವಿದ್ಯುತ್ ಹೋಗುತ್ತದೆ. ಎಡಗಡೆಯ ತಗಡು ತೆಗೆಯಿರಿ, ಕೆಲವು ಕ್ಯಾಬಿನೆಟ್‌ಗಳಲ್ಲಿ ಬಲಗಡೆಯದ್ದೂ ತೆಗೆಯಬೇಕು. ಧೂಳಿದ್ದರೆ ಬ್ರಷ್‌ನಿಂದ ತೆಗೆಯಿರಿ. ಡಿಸ್ಕ್ ಮುಟ್ಟುವ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಮುಟ್ಟಿ. ನೈಲಾನ್ ಬಟ್ಟೆ, ಕಾರ್ಪೆಟ್ ಮೇಲೆ ಕೂತು ಈ ಕೆಲಸ ಬೇಡ.

ಡಿಸ್ಕನ್ನು ಖಾಲಿ ಗೂಡಿಗೆ ಜಾರಿಸಿ ಎರಡೂ ಕಡೆ ಎರಡೆರಡು ಸ್ಕ್ರೂ ಹಾಕಿ. ಹಾರ್ಡ್‌ಡಿಸ್ಕ್‌ಗೆ ದಪ್ಪ ಎಳೆಯ ಸ್ಕ್ರೂ, ಡಿವಿಡಿ ಡ್ರೈವ್‌ನ ಸಣ್ಣ ಎಳೆಯ ಸ್ಕ್ರೂ ಇದಕ್ಕೆ ಹೊಂದುವುದಿಲ್ಲ. ತಿರುಗದಿದ್ದರೆ ಬಲವಂತ ಮಾಡಬೇಡಿ. ಕೆಲವು ದೊಡ್ಡ ಡಿಸ್ಕ್‌ಗಳ ಪಕ್ಕದಲ್ಲಿ ನಡುವಿನ ತೂತು ಇರುವುದಿಲ್ಲ, ಇರುವ ತೂತಿಗೆ ಹಾಕಿದರೆ ಸಾಕು. ಎರಡು ಡಿಸ್ಕ್‌ಗಳ ನಡುವೆ ಒಂದು ಗೂಡು ಖಾಲಿ ಬಿಡಿ, ಗಾಳಿ ಆಡಬೇಕು.

ಡೇಟಾ ಕೇಬಲ್‌ನ ಬಾಯಿ ಇಂಗ್ಲಿಷಿನ ಎಲ್ ಆಕಾರದಲ್ಲಿದೆ, ತಿರುಗಾಮುರುಗಾ ಹಾಕಲು ಆಗುವುದಿಲ್ಲ. ಒಂದು ತುದಿ ಡಿಸ್ಕ್‌ಗೆ, ಇನ್ನೊಂದು ಬೋರ್ಡ್‌ನ ಖಾಲಿ ಸಾಟಾ ಪೋರ್ಟ್‌ಗೆ. ಪವರ್ ತಲೆಯನ್ನು ನೇರವಾಗಿ ಒತ್ತಿ. ಓರೆಯಾಗಿ ಎಳೆದರೆ ಡಿಸ್ಕ್ ಕಡೆಯ ಪ್ಲಾಸ್ಟಿಕ್ ನಾಲಿಗೆ ಮುರಿಯುತ್ತದೆ. ಅದು ಮುರಿದರೆ ರಿಪೇರಿ ಸುಲಭವಲ್ಲ.

ಐಡಿಇ ಯಂತ್ರವಾದರೆ ಅಗಲ ರಿಬ್ಬನ್ ಕೇಬಲ್. ನೀಲಿ ತುದಿ ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ (ಮೊದಲ ಡಿಸ್ಕ್), ನಡುವಿನ ಬೂದು ಸ್ಲೇವ್‌ಗೆ (ಎರಡನೆಯದು). ಜಂಪರ್ ಎಲ್ಲಿರಬೇಕು ಅನ್ನುವ ಚಿತ್ರ ಡಿಸ್ಕ್‌ನ ಲೇಬಲ್ ಮೇಲೆಯೇ ಇರುತ್ತದೆ.

ಈಗಲೇ ತಗಡು ಮುಚ್ಚಬೇಡಿ. ಆನ್ ಮಾಡಿ, ಡೆಲ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ. ಡಿಸ್ಕ್‌ನ ಮಾಡೆಲ್ ಹೆಸರು ಕಾಣಬೇಕು. ಗಾತ್ರ ತಪ್ಪಾಗಿ ಕಂಡರೆ ಗಾಬರಿ ಬೇಡ. 3 ಟಿಬಿ ಡಿಸ್ಕ್ 801 ಜಿಬಿ ಅಂತಲೋ, 4 ಟಿಬಿ ಡಿಸ್ಕ್ 1801 ಜಿಬಿ ಅಂತಲೋ ಕೆಲವು ಹಳೇ ಬಯೋಸ್ ತೋರಿಸುತ್ತವೆ. ಮೇಲೆ ಹೇಳಿದ 2.2 ಲಕ್ಷ ಕೋಟಿ ಬೈಟ್ ಕಳೆದು ಉಳಿದದ್ದನ್ನು ತೋರಿಸುತ್ತಿದೆ ಅಷ್ಟೇ. ಬೂಟ್ ಮಾಡದ ಡಿಸ್ಕ್ ಆದ್ದರಿಂದ ವಿಂಡೋಸ್ ಸರಿಯಾಗಿ ಕಂಡರೆ ಸಾಕು. ವಿಂಡೋಸ್‌ನಲ್ಲೂ 3 ಟಿಬಿ ಡಿಸ್ಕ್ 746 ಜಿಬಿ ಅಂತ ಕಂಡರೆ ಇಂಟೆಲ್‌ನ ಹಳೇ ಸ್ಟೋರೇಜ್ ಡ್ರೈವರ್ ಮೇಲೆ ಮೊದಲ ಅನುಮಾನ, ಅದನ್ನು ಅಪ್‌ಡೇಟ್ ಮಾಡಿ.

ಬ್ಯಾಟರಿ ಬದಲಾಯಿಸಿದ್ದರೆ ದಿನಾಂಕ, ಬೂಟ್ ಕ್ರಮ ಮತ್ತೆ ಸರಿಮಾಡಬೇಕು. ಆದರೆ ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಅನ್ನುವ ಕಡೆ ಮೊದಲು ಐಡಿಇ ಅಂತಿದ್ದದ್ದನ್ನು ಎಎಚ್‌ಸಿಐ ಮಾಡಬೇಡಿ. ಸಿದ್ಧತೆ ಇಲ್ಲದೆ ಬದಲಾಯಿಸಿದರೆ ವಿಂಡೋಸ್ 7 ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಬ್ಯಾಟರಿ ಕೀಳುವ ಮುಂಚೆಯೇ ಆ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ.

ಎರಡನೇ ಡಿಸ್ಕ್ ಆಗಿ ಬಳಸುವುದಾದರೆ

ಇದು ಸುಲಭದ ದಾರಿ. ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಡಿಸ್ಕ್ ಮ್ಯಾನೇಜ್‌ಮೆಂಟ್. ಹೊಸ ಡಿಸ್ಕ್ ಕಂಡ ಕೂಡಲೇ ಎಂಬಿಆರ್ ಬೇಕೋ ಜಿಪಿಟಿ ಬೇಕೋ ಅಂತ ಕೇಳುತ್ತದೆ. 2 ಟಿಬಿ ಮೀರಿದ್ದರೆ ಜಿಪಿಟಿ. ಅವಸರದಲ್ಲಿ ಎಂಬಿಆರ್ ಒತ್ತಿದ್ದರೂ ಪಾರ್ಟಿಷನ್ ಮಾಡುವ ಮುಂಚೆ ಡಿಸ್ಕ್ 1 ಅಂತ ಬರೆದ ಕಡೆ ರೈಟ್ ಕ್ಲಿಕ್ ಮಾಡಿ ಜಿಪಿಟಿಗೆ ಬದಲಾಯಿಸಬಹುದು. ಆಮೇಲೆ ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್.

ಈ ಕೆಲಸವನ್ನು ಯುಎಸ್‌ಬಿ ಡಾಕ್‌ನಲ್ಲಿ (ಡಿಸ್ಕನ್ನು ಹೊರಗಿನಿಂದ ಜೋಡಿಸುವ ಸಾಧನ) ಮಾಡಿ ಆಮೇಲೆ ಡಿಸ್ಕನ್ನು ಒಳಗೆ ಹಾಕುವುದು ಬೇಡ. ಕೆಲವು ಡಾಕ್‌ಗಳು ದೊಡ್ಡ ಡಿಸ್ಕ್‌ನ ಸೆಕ್ಟರನ್ನು 4096 ಬೈಟ್ ಅಂತ ತೋರಿಸುತ್ತವೆ. ಅದೇ ಡಿಸ್ಕ್ ಒಳಗೆ ಸಾಟಾದಲ್ಲಿ 512 ಅಂತ ಹೇಳಿಕೊಳ್ಳುತ್ತದೆ. ಪಟ್ಟಿಯ ಲೆಕ್ಕ ತಪ್ಪಿ ಇಡೀ ಡಿಸ್ಕ್ ಖಾಲಿ ಅಂತ ಕಾಣುತ್ತದೆ. ಎಲ್ಲಿ ಬಳಸುತ್ತೀರೋ ಅಲ್ಲೇ ಫಾರ್ಮ್ಯಾಟ್ ಮಾಡಿ. ಇದಕ್ಕೆ ಅಪವಾದ ಎಕ್ಸ್‌ಪಿ. ಎಕ್ಸ್‌ಪಿ ಪಾರ್ಟಿಷನ್ನನ್ನು 63ನೇ ಸೆಕ್ಟರ್‌ನಿಂದ ಶುರು ಮಾಡುತ್ತದೆ. ಅದು ಒಳಗಿನ 4096ರ ಗಡಿಗೆ ಹೊಂದದೆ ಡಿಸ್ಕ್ ತೆವಳುತ್ತದೆ. ಡಿಸ್ಕನ್ನು ವಿಂಡೋಸ್ 7 ಇರುವ ಇನ್ನೊಂದು ಯಂತ್ರದ ಸಾಟಾ ಪೋರ್ಟ್‌ಗೇ ಹಾಕಿ, ಅಲ್ಲಿ ಎಂಬಿಆರ್‌ನಲ್ಲಿ ಪಾರ್ಟಿಷನ್ ಮಾಡಿಕೊಂಡು ಬಂದರೆ ಈ ತೊಂದರೆ ಇಲ್ಲ.

ಡಿ ಡ್ರೈವ್‌ನಲ್ಲಿದ್ದ ಫೈಲ್‌ಗಳನ್ನೆಲ್ಲ ಹೊಸ ಡಿಸ್ಕ್‌ಗೆ ಕಾಪಿ ಮಾಡಿದ ಮೇಲೆ ಅಕ್ಷರ ಅದಲುಬದಲು ಮಾಡಿ. ಹಳೇ ಡಿಗೆ ಎಕ್ಸ್ ಅಂತ ಕೊಟ್ಟು ಹೊಸದಕ್ಕೆ ಡಿ ಕೊಡಿ. ಪೇಜ್‌ಮೇಕರ್ ಫೈಲ್‌ಗಳು ಚಿತ್ರ ಎಲ್ಲಿದೆ ಅನ್ನುವುದನ್ನು ದಾರಿ ಸಮೇತ ನೆನಪಿಟ್ಟುಕೊಂಡಿರುತ್ತವೆ. ಅಕ್ಷರ ಅದೇ ಇದ್ದರೆ ಒಂದೊಂದೇ ಚಿತ್ರ ಹುಡುಕಿ ಕೊಡುವ ಕೆಲಸ ತಪ್ಪುತ್ತದೆ.

2 ಟಿಬಿ ಮೀರಿದ ಡಿಸ್ಕನ್ನು ನಂಬುವ ಮುಂಚೆ ಒಂದು ಪರೀಕ್ಷೆ ಮಾಡಿ. ಡಿಸ್ಕ್ ಖಾಲಿ ಇರುವಾಗಲೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಟ್ಟ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಮತ್ತೆ ಓದಿಸಿ. ಎಣಿಕೆ ಎಲ್ಲಾದರೂ ಸುತ್ತಿ ಹಿಂದಕ್ಕೆ ಬರುತ್ತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸೆಕೆಂಡಿಗೆ 150 ಎಂಬಿ ಹಿಡಿದರೆ 4 ಟಿಬಿ ಬರೆಯಲು ಏಳೂವರೆ ಗಂಟೆ, ಓದಲು ಮತ್ತೆ ಅಷ್ಟೇ. ಸಂಜೆ ಅಂಗಡಿ ಮುಚ್ಚುವಾಗ ಹಚ್ಚಿ ಹೋಗಿ.

ವಿಂಡೋಸ್ ಸಮೇತ ನಕಲು ಮಾಡುವುದಾದರೆ

2 ಟಿಬಿಯೊಳಗಿನ ಡಿಸ್ಕ್‌ಗೆ ಈ ದಾರಿ. ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ತಂತ್ರಾಂಶ ಉಚಿತ, ಪೆನ್‌ಡ್ರೈವ್‌ನಿಂದ ಓಡುತ್ತದೆ. ನೋಡಲು ಚೆಂದವಿಲ್ಲ, ಕೆಲಸ ಗಟ್ಟಿ. ಪೆನ್‌ಡ್ರೈವ್‌ನಿಂದ ಬೂಟ್ ಆಗದ ಬೋರ್ಡ್ ಆದರೆ ಸಿಡಿಗೆ ಬರೆದುಕೊಳ್ಳಿ. ಸೀಗೇಟ್, ವೆಸ್ಟರ್ನ್ ಡಿಜಿಟಲ್ ಎರಡೂ ತಮ್ಮ ಡಿಸ್ಕ್ ಕೊಂಡವರಿಗೆ ಉಚಿತ ಕ್ಲೋನ್ ತಂತ್ರಾಂಶ ಕೊಡುತ್ತವೆ, ಪಠ್ಯದ ಪರದೆ ಕಂಡರೆ ಅಳುಕುವವರು ಅದನ್ನು ಬಳಸಬಹುದು.

ಎರಡೂ ಡಿಸ್ಕ್ ಒಳಗಿನ ಸಾಟಾ ಪೋರ್ಟ್‌ಗೇ ಇರಲಿ. ಸೆಕೆಂಡಿಗೆ 80 ಎಂಬಿ ಹಿಡಿದರೆ ತುಂಬಿದ 320 ಜಿಬಿ ಡಿಸ್ಕ್‌ಗೆ ಗಂಟೆಯ ಮೇಲೆ ಹತ್ತು ನಿಮಿಷ ಬೇಕಾದೀತು. ಈ ಬೋರ್ಡ್‌ಗಳಲ್ಲಿರುವ ಯುಎಸ್‌ಬಿ 2.0 ಮೂಲಕ ಮಾಡಿದರೆ ಮೂರು ಗಂಟೆ ಹತ್ತಿರ. ಕರೆಂಟ್ ಹೋಗುವ ಹೊತ್ತಲ್ಲದ ಹೊತ್ತು ನೋಡಿಕೊಳ್ಳಿ, ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿ, ಹೈಬರ್ನೇಟ್ ಅಲ್ಲ. ಕ್ಲೋನ್‌ಜಿಲ್ಲಾದಲ್ಲಿ ಡಿವೈಸ್‌ನಿಂದ ಡಿವೈಸ್‌ಗೆ, ಆಮೇಲೆ ಬಿಗಿನರ್, ಆಮೇಲೆ ಡಿಸ್ಕ್‌ನಿಂದ ಲೋಕಲ್ ಡಿಸ್ಕ್‌ಗೆ. ಮೊದಲು ಕೇಳುವುದು ಮೂಲ, ಎರಡನೆಯದು ನಕಲು ಹೋಗಬೇಕಾದದ್ದು. ಇಲ್ಲಿ ನಿಧಾನ ಮಾಡಿ. ಉಲ್ಟಾ ಆದರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕ್ ಮೇಲೆ ಕೂರುತ್ತದೆ. ಎರಡು ಡಿಸ್ಕ್‌ಗಳ ಮಾಡೆಲ್ ಮತ್ತು ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಪರದೆಯ ಜೊತೆ ಹೊಂದಿಸಿ ನೋಡಿ. ಗಾತ್ರ ನೋಡಿ ಗುರುತಿಸಿದರೆ ಸಾಕು ಅನಿಸಬಹುದು. ಚೀಟಿಯೇ ವಾಸಿ.

ನಕಲು ಮುಗಿದ ಮೇಲೆ ಆಫ್ ಮಾಡಿ ಹಳೇ ಡಿಸ್ಕ್‌ನ ಕೇಬಲ್ ಕೀಳಿ. ಹಳೆಯದಿದ್ದ ಪೋರ್ಟ್‌ಗೇ ಹೊಸದನ್ನು ಹಾಕಿ ಅದೊಂದರಿಂದಲೇ ಮೊದಲ ಸಲ ಬೂಟ್ ಮಾಡಿ. ಎರಡೂ ಡಿಸ್ಕ್‌ಗಳಿಗೆ ಈಗ ಒಂದೇ ಗುರುತಿನ ಸಂಖ್ಯೆ ಇದೆ. ಒಟ್ಟಿಗೆ ಇದ್ದರೆ ವಿಂಡೋಸ್ ಗಲಿಬಿಲಿಯಾಗಿ ಒಂದನ್ನು ಆಫ್‌ಲೈನ್ ಮಾಡುತ್ತದೆ.

ಬೂಟ್ ಆಯಿತು, ಆದರೆ ಗಾತ್ರ ಹಳೆಯದೇ. ಉಳಿದ ಜಾಗ ಕೊನೆಯಲ್ಲಿ ಕಪ್ಪು ಪಟ್ಟಿಯಾಗಿ ಬಿದ್ದಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಎಕ್ಸ್‌ಟೆಂಡ್ ವಾಲ್ಯೂಮ್ ಕೆಲಸ ಮಾಡುವುದು ಖಾಲಿ ಜಾಗ ಆ ಪಾರ್ಟಿಷನ್‌ನ ಬಲಗಡೆಗೆ ಅಂಟಿಕೊಂಡಿದ್ದರೆ ಮಾತ್ರ. ನಮ್ಮಲ್ಲಿ ಸಿ, ಡಿ, ಇ ಅಂತ ಮೂರು ನಾಲ್ಕು ತುಂಡು ಮಾಡುವ ರೂಢಿ. ಹಾಗಾಗಿ ಕೊನೆಯ ತುಂಡನ್ನು ಹಿಗ್ಗಿಸಬಹುದು, ಸಿಯನ್ನು ಆಗುವುದಿಲ್ಲ. ಸಿ ದೊಡ್ಡದಾಗಲೇಬೇಕು ಅಂದರೆ ಪಾರ್ಟಿಷನ್ ಸರಿಸುವ ತಂತ್ರಾಂಶವಾದ ಜಿಪಾರ್ಟೆಡ್ ಲೈವ್‌ನಿಂದ ಬೂಟ್ ಮಾಡಿ ಉಳಿದ ತುಂಡುಗಳನ್ನು ಬಲಕ್ಕೆ ಸರಿಸಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಆ ತುಂಡು ಹೋದ ಹಾಗೆ. ಹಳೇ ಡಿಸ್ಕ್ ಹೊರಗೆ ಭದ್ರವಾಗಿ ಇರುವುದರಿಂದ ಧೈರ್ಯ ಮಾಡಬಹುದು. ಆಮೇಲೆ ವಿಂಡೋಸ್ ಮೊದಲ ಸಲ ಡಿಸ್ಕ್ ಪರೀಕ್ಷೆ ಮಾಡುತ್ತದೆ, ತಡೆಯಬೇಡಿ.

ಡಿಸ್ಕ್ ತಿರುಗದಿದ್ದರೆ

ಕೈ ಇಟ್ಟರೆ ಡಿಸ್ಕ್ ಸ್ವಲ್ಪವೂ ಅದುರುತ್ತಿಲ್ಲ, ಶಬ್ದವಿಲ್ಲ. ಎಕ್ಸ್‌ಟರ್ನಲ್ ಡಬ್ಬಿ ಒಡೆದು ತೆಗೆದದ್ದೋ ಸರ್ವರ್ ಬಗೆಯದ್ದೋ ಆದರೆ ಬಹುಶಃ ಕಾರಣ ಪವರ್ ತಲೆಯ ಮೂರನೇ ಪಿನ್. ಮೊದಲು ಅಲ್ಲಿ 3.3 ವೋಲ್ಟ್ ಬರುವುದು ಮಾಮೂಲಾಗಿತ್ತು. ಸಾಟಾ ನಿಯಮದ 3.3ನೇ ಆವೃತ್ತಿಯಿಂದ ಆ ಪಿನ್ನಿಗೆ ವೋಲ್ಟ್ ಕೊಟ್ಟರೆ ಡಿಸ್ಕ್ ಆಫ್ ಅನ್ನುವ ಅರ್ಥ ಬಂದಿದೆ. ಹಳೇ ಎಸ್‌ಎಂಪಿಎಸ್ ಪಾಪ ಎಂದಿನಂತೆ ವೋಲ್ಟ್ ಕೊಡುತ್ತದೆ, ಹೊಸ ಡಿಸ್ಕ್ ಅದನ್ನು ಆಜ್ಞೆ ಅಂದುಕೊಂಡು ಮಲಗಿರುತ್ತದೆ. ಮೊಲೆಕ್ಸ್ ಕನ್ವರ್ಟರ್ ಹಾಕಿದರೆ ಸರಿಹೋಗುತ್ತದೆ, ಅದರಲ್ಲಿ 3.3 ವೋಲ್ಟ್ ತಂತಿಯೇ ಇಲ್ಲ. ಆ ಪಿನ್ ಮೇಲೆ ವಿದ್ಯುತ್ ಹರಿಯದ ಕಾಪ್ಟಾನ್ ಟೇಪಿನ ಸಣ್ಣ ಚೂರು ಅಂಟಿಸುವವರೂ ಇದ್ದಾರೆ.

ತಿರುಗಲು ಶುರುವಾಗಿ ಟಕ್ ಟಕ್ ಅಂದು ನಿಂತರೆ ಎಸ್‌ಎಂಪಿಎಸ್ ಕಡೆ ನೋಡಿ. 3.5 ಇಂಚಿನ ಡಿಸ್ಕ್ ಎದ್ದೇಳುವ ಗಳಿಗೆಯಲ್ಲಿ 12 ವೋಲ್ಟ್ ತಂತಿಯಿಂದ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಕ್ಯಾಬಿನೆಟ್ ಜೊತೆ ಬಂದ ಹಗುರ ಎಸ್‌ಎಂಪಿಎಸ್ ವಯಸ್ಸಾದ ಮೇಲೆ ಅಷ್ಟು ಕೊಡಲಾರದು. ಬೇರೆ ಯಂತ್ರದಲ್ಲಿ ಅದೇ ಡಿಸ್ಕ್ ಸರಿ ಓಡಿದರೆ ಸಂಶಯವಿಲ್ಲ, ಎಸ್‌ಎಂಪಿಎಸ್ ಬದಲಾಯಿಸಿ.

ಇನ್ನು ಹಳೇ ಡಿಸ್ಕ್. ಒಂದೆರಡು ತಿಂಗಳು ಮುಟ್ಟದೆ ಇಡಿ. ಎಲ್ಲ ಫೈಲ್ ಸಿಕ್ಕಿವೆ ಅನ್ನುವುದು ಖಾತ್ರಿಯಾದ ಮೇಲೆ ಯಾರಿಗಾದರೂ ಕೊಡುವುದಾದರೆ ಅದನ್ನು ಎರಡನೇ ಡಿಸ್ಕ್ ಆಗಿ ಜೋಡಿಸಿ, ಅದರ ಪಾರ್ಟಿಷನ್‌ಗಳನ್ನು ಒಂದೊಂದಾಗಿ ಕ್ವಿಕ್ ಫಾರ್ಮ್ಯಾಟ್ ಅನ್ನುವ ಗುರುತು ತೆಗೆದು ಫಾರ್ಮ್ಯಾಟ್ ಮಾಡಿ. ವಿಸ್ಟಾದಿಂದ ಈಚೆಗೆ ಹಾಗೆ ಮಾಡಿದಾಗ ಇಡೀ ಪಾರ್ಟಿಷನ್ ಮೇಲೆ ಸೊನ್ನೆ ಬರೆಯುತ್ತದೆ. ಎಕ್ಸ್‌ಪಿಯಲ್ಲಿ ಹಾಗಲ್ಲ, ಅಲ್ಲಿ ಪೂರ್ತಿ ಫಾರ್ಮ್ಯಾಟ್ ಕೂಡ ಬರೀ ಓದಿ ಪರೀಕ್ಷಿಸುತ್ತದೆ, ಹಳೇ ಫೈಲ್‌ಗಳನ್ನು ಯಾರು ಬೇಕಾದರೂ ಮೇಲೆತ್ತಬಹುದು. ಅದಕ್ಕೆ ಈ ಕೆಲಸವನ್ನು ವಿಂಡೋಸ್ 7 ಇರುವ ಯಂತ್ರದಲ್ಲೇ ಮಾಡಿ.